ರೊಟ್ಟಿಯ ಮೇಲೆ ಬಳಿದ ಬಣ್ಣ

ಮುಂಬೈಯ ಜೋಗೇಶ್ವರಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಇಂದ್ರಾಬಾಯಿಯ ಖಾನಾವಳಿಯೊಳಗೆ ರೊಟ್ಟಿ ಬಡಿಯುವ ಸದ್ದು. ಹೊರಗೆ ಏಣಿ ಹತ್ತಿರುವ ಪೇಂಟರ್ ಮರೆಪ್ಪ, ತಾವೇ ಬೋರ್ಡಿನಲ್ಲಿ ಬರೆದ ‘ಜೋಳದ ರೊಟ್ಟಿ ಊಟ’ ಎಂಬ ಕನ್ನಡ ಸಾಲಿನ ಮೇಲೆ ಹಸಿರು ಬಣ್ಣ ಬಳಿಯುತ್ತಿದ್ದಾರೆ. ‘ಜೋ’ ಹೋಯಿತು, ‘ಳ’ ಹೋಯಿತು. ಪತ್ರಿಕೆಗೆ ಬರೆಯಲೆಂದು ಬಂದು ಕೆಳಗೆ ನಿಂತ ನನಗೆ ಮೈಯೆಲ್ಲ ಉರಿಯುತ್ತಿದೆ.

ಇದು ಕಟ್ಟಡದ ಸೆಕ್ರೆಟರಿಯ ಅಪ್ಪಣೆ. ಅಂಗಡಿಯ ಹೆಸರು ಮರಾಠಿಯಲ್ಲಿ ದೊಡ್ಡದಾಗಿ ಇರಬೇಕೆಂಬುದು ನಿಯಮ. ಸರಿಯೇ, ಅದು ಈ ಊರಿನ ಭಾಷೆ. ಮರೆಪ್ಪ ಅದನ್ನು ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡದಾಗಿಯೇ ಬರೆದಿದ್ದಾರೆ. ಅದರ ಕೆಳಗೆ ಅಂಗೈಯಗಲದ ಕನ್ನಡ ಇರಬಾರದೆಂದು ಯಾವ ನಿಯಮ ಹೇಳುತ್ತದೆ? ಕೇಳಿದರೆ ಸೆಕ್ರೆಟರಿ ಸಾಹೇಬರು, "ಉಗಾಚ್ ಲಫಡಾ ಕಶಾಲಾ?" ಎನ್ನುತ್ತಾರೆ. ಸುಮ್ಮನೆ ತಕರಾರು ಯಾಕೆ ಅಂತ. ತಕರಾರು ಮಾಡಿದವರಾದರೂ ಯಾರು ಸ್ವಾಮಿ? ಈತನಕ ಒಬ್ಬರೂ ಇಲ್ಲ! ಪಕ್ಕದ ಕೇಕ್ ಅಂಗಡಿಯ ಇಂಗ್ಲಿಷ್ ದೀಪಗಳು ರಾತ್ರಿಯಿಡೀ ಝಗಝಗಿಸುತ್ತವೆ. ಅವು ಮಾತ್ರ ಅವರ ಕಣ್ಣಿಗೆ ಚುಚ್ಚುವುದಿಲ್ಲ.

ಯಾದಗಿರಿ ಕಡೆಯ ಮರೆಪ್ಪ ಈ ಊರಿಗೆ ಬಂದಾಗ ಗೋಡೆಗೆ ಸುಣ್ಣ ಹೊಡೆಯುತ್ತಿದ್ದರು. ಅಕ್ಷರ ಕಲಿಸಿದವರು ಘಾಟ್ಕೋಪರ್‌ನ ಒಬ್ಬ ಮರಾಠಿ ಪೇಂಟರ್. ಸಯನ್‌ನ ಉಡುಪಿ ಹೋಟೆಲುಗಳಿಗೂ ಗುಜರಾತಿ ಕುರುಕಲು ತಿಂಡಿಯ ಫರಸಾಣ್ ಅಂಗಡಿಗಳಿಗೂ ಬೋರ್ಡ್ ಬರೆದ ಕೈ ಇದು. ಫ್ಲೆಕ್ಸ್ ಬಂದ ಮೇಲೆ ಬರೆಯಲು ಕರೆಯುವವರು ಕಡಿಮೆ, ಅಳಿಸಲು ಕರೆಯುವವರೇ ಹೆಚ್ಚು.

ಈ ಬೋರ್ಡಿನ ಕತೆಯನ್ನು ಅವರು ಏಣಿಯ ಮೇಲಿಂದಲೇ ಹೇಳುತ್ತಾರೆ. "ಮೊದಲ ನಾ ಮರಾಠಿ ಅಕ್ಷರದಾಗ ‘ರೋಟಿ’ ಅಂತ ಬರ್ದಿದ್ದೆರಿ. ಮಂದಿ ಗೋಧಿ ಚಪಾತಿ ಸಿಗ್ತದಂತ ಬಂದು ಕುಂತ್ರು. ಜ್ವಾಳದ ರೊಟ್ಟಿ ನೀಡಿದ್ರ ಇಂದ್ರಾಬಾಯಿ ಜೋಡಿ ಜಗಳ! ಆಮ್ಯಾಲ ಜ್ವಾಳದ ರೊಟ್ಟಿಗಿ ಮರಾಠ್ಯಾಗ ಅಂತಾರಲ್ಲ, ‘ಭಾಕರಿ’ ಅಂತ ತಿದ್ದಿದೆ. ಆಗ ನಮ್ಮ ಮಂದಿಗೇ ತಿಳೀಲಿಲ್ಲ, ಮುಂದ ಹಾದು ಹೋದ್ರು. ಅದಕ್ಕ ಕೆಳಗ ಕನ್ನಡ ಬರ್ದೆ."

ಇಂದ್ರಾಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬರುತ್ತಾರೆ. "ಊರಿಂದ ಹೊಸದಾಗಿ ಕೆಲಸಕ್ಕ ಬಂದೋರಿಗಿ ಬ್ಯಾರೆ ಅಕ್ಷರ ಬರಂಗಿಲ್ರಿ. ಈ ಸಾಲು ನೋಡೇ ‘ಅವ್ವಾ, ನಮ್ಮ ಕಡೇರೇನು?’ ಅಂತ ಒಳಗ ಬರ್ತಾರ. ಇನ್ನ ಹ್ಯಾಂಗ ಬರ್ತಾರ? ಅಳಸಲಿಲ್ಲಂದ್ರ ಜಾಗಾ ಖಾಲಿ ಮಾಡಂತಾರ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಒಂದು ಸಾಲಿಗೆ ಹೆದರುವವರು ಇವರ ಒಲೆಯನ್ನೇ ಆರಿಸಲು ಹೊರಟಿದ್ದಾರೆ. ನಾಚಿಕೆಯಾಗಬೇಕು.

ಕೊನೆಯ ಅಕ್ಷರವೂ ಮುಚ್ಚಿತು. ಮರೆಪ್ಪ ಇಳಿದು ಬಂದು ಬ್ರಷ್ ತೊಳೆಯುತ್ತಾರೆ. ಸೀಮೆಎಣ್ಣೆಯಲ್ಲಲ್ಲ, ಬಕೆಟ್ ನೀರಿನಲ್ಲಿ. ನಾನು ಹುಬ್ಬೇರಿಸುತ್ತೇನೆ.

"ಕೆಳಗಿನ ಅಕ್ಷರ ಆಯಿಲ್ ಪೇಂಟ್ ಅವರಿ," ದನಿ ತಗ್ಗಿಸುತ್ತಾರೆ. "ಮ್ಯಾಲ ಬಳ್ದದ್ದು ಬರೀ ನೀರಿನ ಬಣ್ಣ."

ಇದನ್ನು ಪತ್ರಿಕೆಯಲ್ಲಿ ಬರೆಯಬಹುದೇ?

"ಕನ್ನಡದಾಗ ಬರೀರಿ. ಅವರಿಗೆಲ್ಲಿ ಓದಾಕ ಬರ್ತದ?"

ಅಕ್ಷರ ಮತ್ತೆ ಕಂಡು ಸೆಕ್ರೆಟರಿ ಇನ್ನೊಮ್ಮೆ ಬಳಿ ಅಂದರೆ?

"ಬಳೀತೀನ್ರಿ," ಮರೆಪ್ಪ ಏಣಿ ಹೆಗಲಿಗೇರಿಸುತ್ತಾರೆ. "ಮುಂಬೈದಾಗ ಮಳಿಗೇನು ಕಮ್ಮಿ?"