ಕೆಳಗಿನಿಂದ ಮೂರನೇ ಸಾಲು

ರುಕ್ಕಮ್ಮ, ಪತ್ರಿಕೆಯಲ್ಲಿ ಇಲ್ಲದ ಒಂದು ಸಾಲನ್ನು ನಾನು ನಿಮಗೆ ಓದಿ ಹೇಳಿದೆ. ನಿಮಗೆ ಓದಲು ಬಾರದು ಎಂದು ಗೊತ್ತಿದ್ದೇ ಹೇಳಿದೆ.

ಏಳು ವರ್ಷವಾಯಿತು. ಕೆ.ಆರ್. ಪುರದಲ್ಲಿ ಕಟ್ಟುತ್ತಿದ್ದ ಮನೆಯೊಂದರ ಮೂರನೇ ಮಹಡಿಯಿಂದ ಬಿದ್ದು ನಿಮ್ಮ ಗಂಡ ಪಾಂಡುರಂಗ ತೀರಿಕೊಂಡ ಸುದ್ದಿಯನ್ನು ಬರೆದವನು ನಾನು. ಒಂದು ಸಣ್ಣ ಫೋಟೊ, ಹನ್ನೊಂದು ಸಾಲು. ಎರಡು ದಿನ ಬಿಟ್ಟು, ಕಟ್ಟಡ ಕೆಲಸಗಾರರ ಬಗ್ಗೆ ಇನ್ನೊಂದು ವರದಿಗೆಂದು ಬಾಣಸವಾಡಿಯ ನಿಮ್ಮ ಬಾಡಿಗೆ ಕೋಣೆಗೆ ಬಂದಿದ್ದೆ. ಫೋಟೊ ಗುರುತಿಸಿ ಕೆಳಗಿನ ಅಂಗಡಿಯವರು ಪತ್ರಿಕೆಯನ್ನು ನಿಮಗೆ ಕೊಟ್ಟಿದ್ದರು. ಅವರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ.

“ನಮ್ಮವರ ಬಗ್ಗೆ ಏನ್ ಬರದಾರ್ರಿ ಸರ್? ಒಂದೀಟು ಓದಿ ಹೇಳ್ರಿ” ಎಂದಿರಿ.

ಹೆಸರು, ಊರು, ವಯಸ್ಸು – ಎಲ್ಲವನ್ನೂ ಇದ್ದ ಹಾಗೆಯೇ ಓದಿದೆ. ಕೆಳಗಿನಿಂದ ಮೂರನೇ ಸಾಲಿಗೆ ಬಂದಾಗ ತಲೆ ಎತ್ತಿದೆ. ಗೋಡೆಯ ಮೇಲೆ ನಿಮ್ಮ ಗಂಡನ ದೊಡ್ಡ ಫೋಟೊ. ಕೊರಳಲ್ಲಿ ಪಂಢರಪುರದ ತುಳಸಿ ಮಾಲೆ. ಅದನ್ನು ಹಾಕಿಕೊಂಡವರು ಹೆಂಡ ಮುಟ್ಟುವುದಿಲ್ಲ ಎಂಬುದು ನನಗೆ ತಿಳಿದಿತ್ತು. ನನ್ನ ಸಾಲಿನಲ್ಲಿ ಇದ್ದದ್ದು ಹೀಗೆ: “ಆತ ಕುಡಿದ ಅಮಲಿನಲ್ಲಿ ಆಯತಪ್ಪಿ ಬಿದ್ದಿದ್ದಾನೆ ಎಂದು ಪೊಲೀಸರು ತಿಳಿಸಿದ್ದಾರೆ.”

ನಾನು ಓದಿದ್ದು: “ಅವರು ಸಜ್ಜನರಾಗಿದ್ದರು, ಎಲ್ಲರಿಗೂ ಬೇಕಾದವರಾಗಿದ್ದರು ಎಂದು ಜೊತೆಗಾರರು ಕಣ್ಣೀರಿಟ್ಟರು.”

ನಮ್ಮ ಸುದ್ದಿಗಳಲ್ಲಿ ಸತ್ತವನು ಬಡವನಾದರೆ ‘ಆತ’. ಬಾಯಲ್ಲಿ ಮಾತ್ರ ನಾನು ಅವರಿಗೆ ಬಹುವಚನ ಕೊಟ್ಟೆ.

ಅಲ್ಲಿಗೇ ಮುಗಿದಿದ್ದರೆ – ಆದರೆ ನೀವು ಬೆರಳು ಚಾಚಿದಿರಿ. “ಎಲ್ಲಿ ಅದರಿ ಅದು? ಬೆರಳಿಟ್ಟು ತೋರಸ್ರಿ.” ನಿಮ್ಮ ತೋರುಬೆರಳನ್ನು ಹಿಡಿದು ಆ ಸಾಲಿನ ಮೇಲೆಯೇ ಇಟ್ಟೆ. ನೀವು ಅದರ ಪಕ್ಕದಲ್ಲೊಂದು ಅರಿಶಿನದ ಚುಕ್ಕೆ ಇಟ್ಟುಕೊಂಡಿರಿ.

ಕಚೇರಿಯಲ್ಲಿ ಗೆಳೆಯನಿಗೆ ಹೇಳಿದಾಗ ಅವನು ನಕ್ಕ. “ಬಿಡು ಗುರು. ಸಾವಿರ ಸುಳ್ಳು ಹೇಳಿ ಮದುವೆ ಮಾಡು ಅಂತಾರೆ. ನೀನು ಹೇಳಿರೋದು ಒಂದೇ ತಾನೆ!” ನಾನೂ ನಕ್ಕೆ. ಯಾರಿಗೂ ನೋವಾಗದ ಸುಳ್ಳು ಎಂದು ಅದಕ್ಕೆ ಹೆಸರಿಟ್ಟು ಮರೆತೆ.

ಹೋದ ತಿಂಗಳು ನಿಮ್ಮ ಮಗಳು ಸುನೀತಾ ಫೋನ್ ಮಾಡಿದಳು. ಅಂದು ನಿಮಗೆ ಕೊಟ್ಟಿದ್ದ ನಂಬರು ಅವಳ ಬಳಿ ಇತ್ತು. ರೈಲ್ವೆ ಸ್ಟೇಷನ್ ಹತ್ತಿರ ಸಿಗಲು ಹೇಳಿದಳು; ನಾನು ಹೋದಾಗ ಬೆನ್ನಿಗೆ ಸ್ಕೂಲ್ ಬ್ಯಾಗ್ ಹಾಕಿಕೊಂಡು ನಿಂತಿದ್ದಳು. ಅಂದು ಒಂದನೇ ತರಗತಿ, ಈಗ ಎಂಟನೇ. ಆ ಸುದ್ದಿಗೆ ನೀವು ಲ್ಯಾಮಿನೇಷನ್ ಮಾಡಿಸಿ ಫೋಟೊದ ಕೆಳಗೆ ತೂಗುಹಾಕಿದ್ದೀರಂತೆ. ಬಂದವರಿಗೆಲ್ಲ ಚುಕ್ಕೆ ತೋರಿಸಿ, “ಇಲ್ನೋಡ್ರಿ, ಹೆಂಗ್ ಬರದಾರ” ಎನ್ನುತ್ತೀರಂತೆ. ಓದು ಬಲ್ಲವರು ಓದಿ, “ಹೌದಮ್ಮ” ಎಂದಷ್ಟೇ ಹೇಳುತ್ತಾರಂತೆ. ಸುಳ್ಳು ಹೇಳಿದವನು ನಾನೊಬ್ಬ, ನಿಮ್ಮ ಬಾಗಿಲಿಗೆ ಬಂದವರೆಲ್ಲ ಅದನ್ನು ಹೊರಬೇಕಾಯಿತು – ನಿಮ್ಮೆದುರಿಗೇ ನಿಮಗಾಗಿ ಕನಿಕರಪಡುತ್ತ.

“ಮೂರನೇ ಕ್ಲಾಸಲ್ಲಿ ನಂಗೆ ಓದೋಕ್ ಬಂತು ಸರ್. ಅವತ್ತಿಂದ ಅವ್ವಂಗೆ ನೀವು ಹೇಳಿದ್ ಥರಾನೇ ಓದ್ತಿದೀನಿ” ಎಂದಳು. ಆಮೇಲೆ ಕೇಳಿದಳು: “ಅಪ್ಪ ನಿಜವಾಗ್ಲೂ ಕುಡಿದಿದ್ರಾ ಸರ್? ಮಾಲೆ ಹಾಕ್ಕೊಂಡೇ?”

ನಿಮ್ಮನ್ನು ಕೇಳಬಹುದಾಗಿದ್ದ ಪ್ರಶ್ನೆ. ಕೇಳಿದರೆ ನಿಮ್ಮ ಸಾಲು ಒಡೆಯುತ್ತದೆ ಎಂದು ಐದು ವರ್ಷ ಒಳಗೇ ಇಟ್ಟುಕೊಂಡು, ದಿನವೂ ಆ ಫೋಟೊದ ಕೆಳಗೆ ಊಟ ಮಾಡಿದ್ದಾಳೆ.

ಗೊತ್ತಿಲ್ಲ ಎಂದೆ. ನನಗೆ ಗೊತ್ತಿರಲಿಲ್ಲ, ನಿಜಕ್ಕೂ. ಪೊಲೀಸ್ ಠಾಣೆಯಿಂದ ಫೋನಿನಲ್ಲಿ ಒಬ್ಬರು ಹೇಳಿದರು, ಬರೆದೆ. ಜೊತೆಗಾರರನ್ನು ಕೇಳಲಿಲ್ಲ, ನಿಮ್ಮನ್ನು ಕೇಳಲಿಲ್ಲ. ಅಂದು ಅಚ್ಚಾದದ್ದನ್ನೇ ಓದಿದ್ದರೆ ನೀವು ನನ್ನ ಮೇಲೆ ಹರಿಹಾಯುತ್ತಿದ್ದಿರಿ – ಯಾರು ಹೇಳಿದ್ದು, ಕರೆಯಿರಿ ಅವರನ್ನು ಎಂದು. ಆ ಮಾತನ್ನು ಹೋಗಿ ವಿಚಾರಿಸಬೇಕಾಗುತ್ತಿತ್ತು, ತಪ್ಪಾಗಿದ್ದರೆ ತಿದ್ದಬೇಕಾಗುತ್ತಿತ್ತು. ನಿಮ್ಮ ದುಃಖ ಹೆಚ್ಚಿಸಬಾರದೆಂದು ಸುಳ್ಳು ಓದಿದೆ ಎಂದುಕೊಂಡಿದ್ದೆ. ಅಲ್ಲ – ನಿಮ್ಮ ಸಿಟ್ಟಿಗೆ ಹೆದರಿದ್ದೆ. ಮಾಲೆಯನ್ನು ಕಣ್ಣಾರೆ ಕಂಡಮೇಲೆ ಹೆದರಿದ್ದೆ.

ಒಳಿತಿಗಾಗಿ ಹೇಳುವ ಸುಳ್ಳುಗಳು ಇರಬಹುದೇನೋ. ನನ್ನದು ಅಂಥದಲ್ಲ ಎಂಬಷ್ಟು ಈಗ ಗೊತ್ತು.

ಆ ಸಾಲನ್ನು ಇನ್ನು ನೀನು ಓದಬೇಡ ಎಂದು ಸುನೀತಾಗೆ ಹೇಳಿದ್ದೇನೆ. ಈ ಬರಹ ಪತ್ರಿಕೆಯಲ್ಲಿ ಅಚ್ಚಾಗುವ ಮೊದಲು, ಈ ಭಾನುವಾರ ಬೆಳಿಗ್ಗೆ, ನಾನೇ ಬರುತ್ತೇನೆ. ಗೋಡೆಯಿಂದ ಅದನ್ನು ಇಳಿಸಿ, ನಿಮ್ಮ ಬೆರಳನ್ನು ಮತ್ತೆ ಆ ಚುಕ್ಕೆಯ ಪಕ್ಕ ಇಟ್ಟು, ಅಲ್ಲಿರುವುದನ್ನು ಓದುತ್ತೇನೆ. ಆಮೇಲೆ ನೀವು ಏನೆನ್ನುತ್ತೀರೋ – ಒಂದಕ್ಷರ ಬಿಡದೆ ಬರೆದುಕೊಳ್ಳುತ್ತೇನೆ.