ಮುಂತಾದವರಲ್ಲಿ ಒಬ್ಬ

ಭಾಲ್ಕಿ ಬಸ್ ನಿಲ್ದಾಣದ ಎದುರಿನ ಗಾಡಿಯವನು ಮಿರ್ಚಿ ಭಜಿ ಕಟ್ಟಿಕೊಟ್ಟ ಕಾಗದ ನಮ್ಮ ಜಿಲ್ಲೆಯ ಪತ್ರಿಕೆಯದೇ ಆಗಿತ್ತು. ಎಣ್ಣೆ ಹೀರಿದ ಪುಟದಲ್ಲಿ ಎರಡೂ ಮಗ್ಗುಲಿನ ಅಕ್ಷರಗಳು ಒಂದರ ಮೇಲೊಂದು ಕಾಣುತ್ತಿದ್ದವು. ಬಿಸಿ ಎಣ್ಣೆಯೂ ಮಸಿಯೂ ಕೂಡಿದ ವಾಸನೆ. ಔರಾದಿನ ಯಾವುದೋ ಸಮಾರಂಭದ ಸುದ್ದಿ. ಕೊನೆಯಲ್ಲಿ ಬಂದವರ ಹೆಸರುಗಳು, ಅವುಗಳ ತುದಿಗೆ ‘ಮುಂತಾದವರು ಉಪಸ್ಥಿತರಿದ್ದರು’. ಭಜಿ ಆರಿಹೋಯಿತು. ನಾನು ಪೇಪರ್ ಚಾಚಾರನ್ನು ನೆನೆಯುತ್ತ ನಿಂತಿದ್ದೆ...

ಔರಾದಿನಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ಅವರದು. ತಾಲ್ಲೂಕಿಗೆ ಪತ್ರಿಕೆಯ ಏಜೆಂಟರೂ ಅವರೇ, ವರದಿಗಾರರೂ ಅವರೇ. ಮನೆಯಲ್ಲಿ ದಖನಿ ಉರ್ದು ಮಾತಾಡುತ್ತಿದ್ದರು, ಕನ್ನಡ ಬರೆಯುತ್ತಿದ್ದರು. ಸುದ್ದಿಯ ಲಕೋಟೆಯನ್ನು ಸಂಜೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಅದು ಬೀದರಿನ ಕಚೇರಿ ಸೇರುತ್ತಿತ್ತು. ಅವರು ಏಜೆನ್ಸಿ ಹಿಡಿದ ಹೊಸದರಲ್ಲಿ ಪತ್ರಿಕೆ ಮಧ್ಯಾಹ್ನ ಬರುತ್ತಿತ್ತಂತೆ, ಅದರಲ್ಲಿ ಔರಾದ್ ಎಂಬ ಊರೇ ಇರುತ್ತಿರಲಿಲ್ಲವಂತೆ. ಜಿಲ್ಲೆಗೆಂದೇ ಒಂದು ಪುಟ ಶುರುವಾದ ಮೇಲೆ ಪತ್ರಿಕೆಯ ಕಟ್ಟು ಮೊದಲ ಬಸ್ಸಿಗೇ ಬರತೊಡಗಿತು. ಜನ ದೆಹಲಿಯನ್ನು ಬಿಟ್ಟು ನೇರ ಆ ಪುಟಕ್ಕೆ ಹೋಗುತ್ತಿದ್ದರು. ಸನ್ಮಾನ, ಉದ್ಘಾಟನೆ, ನಿಧನ. ನಮ್ಮ ಹೆಸರಿದೆಯೇ, ಬೀಗರ ಹೆಸರು ನಮಗಿಂತ ಮುಂಚೆ ಬಂದಿದೆಯೇ...

ನಮ್ಮ ಓಣಿಯ ಶಾಲೆಗೆ ಹೊಸ ಕೋಣೆ ಕಟ್ಟಿಸಿದವನು ಒಬ್ಬ ಗುತ್ತೇದಾರ. ಕಟ್ಟಿ ಒಂದು ಮಳೆಗಾಲ ಕಳೆಯುವುದರೊಳಗೆ ಅದರ ಛತ್ತು ಕುಸಿಯಿತು. ಕೆಳಗೆ ನನ್ನ ತಂಗಿ ಇದ್ದಳು. ಅವಳ ಬಲಗೈ ಇಂದಿಗೂ ಪೂರ್ತಿ ಮೇಲೇಳುವುದಿಲ್ಲ. ತಲೆ ಬಾಚಿಕೊಳ್ಳುವುದು ಎಡಗೈಯಿಂದಲೇ.

ಸಿಮೆಂಟಿಗಿಂತ ಮಣ್ಣೇ ಹೆಚ್ಚಿತ್ತೆಂದು ಚಾಚಾ ಬರೆದರು. ಗುತ್ತೇದಾರ ಅವರನ್ನು ಬಸ್ ನಿಲ್ದಾಣದಲ್ಲಿ, ಪತ್ರಿಕೆಯ ಕಟ್ಟು ಬಿಚ್ಚುತ್ತಿದ್ದಾಗ, ಎಲ್ಲರೆದುರು ಹೊಡೆದ. ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಆದರೆ ಆ ದಿನ ನಾನು ಬೀದರಿನ ಕಾಲೇಜಿನಲ್ಲಿದ್ದೆ ಎನ್ನುತ್ತಾಳೆ ಅವ್ವ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು, ಕಂಡದ್ದು ಬೇರೆ, ಕೇಳಿದ್ದು ಬೇರೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು. ಹಾಗಿದ್ದರೂ ಆ ಸದ್ದನ್ನು ಬಿಟ್ಟುಕೊಡಲು ಮನಸ್ಸಿಲ್ಲ.

ವಾರದೊಳಗೆ ಪತ್ರಿಕೆಯಲ್ಲಿ ಸ್ಪಷ್ಟನೆ ಬಂತು. ಮಕ್ಕಳು ಛತ್ತಿನ ಮೇಲೆ ಹತ್ತಿ ಕುಣಿದದ್ದರಿಂದ ಕುಸಿದಿದೆ, ಹಿಂದಿನ ವರದಿಗೆ ವಿಷಾದಿಸುತ್ತೇವೆ ಎಂದು. ಬರೆಸಿದವನು ಗುತ್ತೇದಾರ. ಅಚ್ಚಾದದ್ದು ಚಾಚಾರ ಸುದ್ದಿ ಬರುತ್ತಿದ್ದ ಜಾಗದಲ್ಲಿಯೇ. ಅದನ್ನು ಅವರೇ ಮನೆಮನೆಗೆ ಹಂಚಿದರು. ನಮ್ಮ ಮನೆಯ ಪ್ರತಿಯನ್ನು ಅವ್ವನ ಕೈಗೆ ಕೊಟ್ಟು, “ನಾ ಬರದಿದ್ದಲ್ರಿ ಇದು” ಎಂದಷ್ಟೇ ಹೇಳಿ ಹೋದರಂತೆ.

ಆಮೇಲೆ ಚಾಚಾ ಆ ಮನುಷ್ಯನ ಹೆಸರನ್ನು ಒಮ್ಮೆಯೂ ಬರೆಯಲಿಲ್ಲ. ಅವನು ಗಣ್ಯನಾಗುತ್ತಲೇ ಹೋದ. ವೇದಿಕೆಯ ನಡುವೆ ಕೂತ, ಪೇಟ ಸುತ್ತಿಸಿಕೊಂಡ, ಗುದ್ದಲಿ ಹಿಡಿದ. ಸುದ್ದಿಯಲ್ಲಿ ಹಾರ ಹಾಕಿದವರು ಇರುತ್ತಿದ್ದರು, ಪ್ರಾರ್ಥನೆ ಹಾಡಿದವರು ಇರುತ್ತಿದ್ದರು, ಕುರ್ಚಿ ಹಾಕಿಸಿದವರೂ ಇರುತ್ತಿದ್ದರು. ಅವನು ಮಾತ್ರ ‘ಮುಂತಾದವರು’.

ಒಮ್ಮೆ ಅವನ ಕಡೆಯವನೊಬ್ಬ ಚಾಚಾರ ಕಟ್ಟೆಗೆ ಬಂದು ಕೂತ.

“ಸಾವ್ಕಾರ್ರ ಹೆಸರು ಯಾಕ ಬರಲ್ರಿ?”

“ಬೀದರ್ದಾಗ ಕತ್ತರಿ ಹೊಡಿತಾರಪ್ಪ. ಜಾಗಾ ಸಾಲಲ್ಲಂತ.”

“ಮೈಕ್ ಹಚ್ಚಿದವಂದು ಬಂದದಲ್ರಿ?”

“ಅವಂದು ಸಣ್ಣ ಹೆಸರು. ನಿಮ್ಮ ಸಾವ್ಕಾರ್ರು ದೊಡ್ಡವ್ರು, ಹಿಡಿಸಲ್ಲ.”

ಗೋಡೆಯ ಈಚೆ ನಾವು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದೆವು. ತಂಗಿಯೂ ನಕ್ಕಿದ್ದಳು.

ಕೊನೆಗೆ ಗುತ್ತೇದಾರನ ತಾಯಿ ತೀರಿಕೊಂಡಳು. ಒಳ್ಳೆಯ ಹೆಂಗಸು, ತಂಗಿಯ ಕೈ ಮುರಿದಾಗ ಮಗನಿಗೆ ತಿಳಿಯದಂತೆ ನೋಡಲು ಬಂದಿದ್ದಳು. ಚಾಚಾ ನಿಧನ ವಾರ್ತೆ ಬರೆದರು. ಅವಳ ಹೆಸರು, ಊರು, ಅಂತ್ಯಕ್ರಿಯೆಯ ಹೊತ್ತು, ಎಲ್ಲ ಸರಿಯಾಗಿತ್ತು. ‘ಮೃತರಿಗೆ ಇಬ್ಬರು ಪುತ್ರಿಯರು, ಅಪಾರ ಬಂಧು ಬಳಗವಿದೆ.’ ಒಬ್ಬನೇ ಮಗ, ಸುದ್ದಿಯಲ್ಲಿ ಅವನಿಲ್ಲ.

ಇದು ಅತಿಯಾಯಿತು ಎಂದು ನನಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಆ ಸಾಲನ್ನು ಎರಡು ಸಲ ಓದಿ ಸಂತೋಷಪಟ್ಟೆ. ಚಾಚಾರಿಗೆ ಮಾತ್ರ ಸಮಾಧಾನವಾಗಿರಲಿಲ್ಲ. ಗುತ್ತೇದಾರ ಜಗಳಕ್ಕೆ ಬರಲಿಲ್ಲ, ಬೈಯಲಿಲ್ಲ, ಎದುರಾದರೆ ಪರಿಚಯವೇ ಇಲ್ಲದವನಂತೆ ನಡೆದುಹೋಗುತ್ತಿದ್ದ. ನಾನು ರಜೆಗೆ ಬಂದಾಗಲೆಲ್ಲ ಚಾಚಾ ಕೇಳುತ್ತಿದ್ದರು: “ಬೇಟಾ, ಅವಗ ತಟ್ಟೇದೇನ? ನಿನಗೇನ ಅನಸ್ತದ?” ನನಗೆ ಗೊತ್ತಿರಲಿಲ್ಲ. ಹೋದ ವರ್ಷ ಅವರು ತೀರಿಕೊಳ್ಳುವವರೆಗೂ ಗೊತ್ತಾಗಲಿಲ್ಲ.

ಭಜಿಯ ಕಾಗದ ಕೈಗೆ ಬಂದ ವಾರವೇ ಬೀದರಿನಲ್ಲೊಂದು ಮದುವೆ. ಊಟದ ಮನೆಯ ಬಾಗಿಲಲ್ಲಿ ಕುರ್ಚಿಯ ಮೇಲೆ ಆ ಗುತ್ತೇದಾರನಿದ್ದ. ಮುದುಕನಾಗಿದ್ದ, ಕೈಯಲ್ಲಿ ಕೋಲು. ನಾನೇ ಹೋಗಿ ಪಕ್ಕದಲ್ಲಿ ಕೂತೆ.

“ಔರಾದ್‌ನಾಗ ಪೇಪರ್ ಚಾಚಾನ ಬಾಜು ಮನಿಯಾಕಿರಿ ನಾ.”

“ಯಾವ ಪೇಪರವ್ವ? ನಾ ಮರಾಠಿ ಪೇಪರ್ ಓದಾಂವ” ಎಂದ.

ಎದ್ದು ಹೋಗಬೇಕೆಂದಿದ್ದೆ. ಅಷ್ಟರಲ್ಲಿ ಅವನು ನೆಲ ನೋಡುತ್ತ, ಒಂದಕ್ಷರ ತಪ್ಪದೆ ಹೇಳಿದ: “ಮೃತರಿಗೆ ಇಬ್ಬರು ಪುತ್ರಿಯರು, ಅಪಾರ ಬಂಧು ಬಳಗವಿದೆ.” ಕೋಲನ್ನು ನೆಲಕ್ಕೂರಿ, “ಅವ್ವಗ ಮಣ್ಣು ಕೊಟ್ಟಾಂವ ನಾ. ಪೇಪರ್‌ದಾಗ ನಾ ಇಲ್ಲ. ಯಾಕ ಹಾಂಗ ಮಾಡ್ದ ಅಂವ?” ಎಂದ.

ತಟ್ಟಿತ್ತು. ಇಷ್ಟು ವರ್ಷ ಅದು ಒಳಗೇ ಇತ್ತು.

“ನನ್ನ ತಂಗಿ ಛತ್ತಿನ ಮ್ಯಾಲ ಹತ್ತಿದ್ದಿಲ್ರಿ” ಎಂದೆ.

ಅವನು ತಲೆಯೆತ್ತಿ ನನ್ನನ್ನೇ ನೋಡಿದ. ನಟನೆಯೇ ಇರಬಹುದೆಂದು ಅಂದಿನಿಂದ ಎಷ್ಟೋ ಸಲ ಆ ಮುಖವನ್ನು ನೆನಪಿನಲ್ಲಿ ತಿರುವಿ ನೋಡಿದ್ದೇನೆ. ಇರಲಿಲ್ಲ.

“ಯಾವ ತಂಗಿ?” ಎಂದು ಕೇಳಿದ.

ಚಾಚಾ ಇದ್ದಿದ್ದರೆ ಮರುದಿನದ ಮೊದಲ ಬಸ್ಸಿಗೇ ಔರಾದಿಗೆ ಹೋಗಿ ಹೇಳುತ್ತಿದ್ದೆ. ತಟ್ಟೇದ ಚಾಚಾ, ಸಾಲು ಸಾಲೇ ಬಾಯಿಪಾಠ ಅದ ಅವಗ, ಎಂದು. ಅಲ್ಲಿಗೇ ನಿಲ್ಲಿಸುತ್ತಿದ್ದೆ. ಅವನು ಕೊನೆಗೆ ಕೇಳಿದ್ದನ್ನು ಹೇಳುತ್ತಿರಲಿಲ್ಲ. ಈಗ ಅರ್ಧ ಹೇಳಿ ಸಂತೋಷಪಡಿಸಲು ಅವರಿಲ್ಲ. ಉಳಿದರ್ಧ ನನ್ನೊಬ್ಬಳ ಬಳಿಯೇ ಇದೆ. ತಂಗಿಗೂ ಇನ್ನೂ ಹೇಳಿಲ್ಲ...