ರೊಟ್ಟಿ ಬಿಟ್ಟ ಮನೆ

ಕೋವಿಡ್ ಗಲಾಟೆ ಮುಗಿದ ಎರಡನೆಯ ಚಳಿಗಾಲ. ಆಗ ನಾನು ನೆದರ್ಲೆಂಡ್ಸಿನ ಐಂಡ್‌ಹೋವನ್ ಪಕ್ಕದ ಬೆಸ್ಟ್ ಎಂಬ ಊರಿನಲ್ಲಿ, ಎಳೆಯ ಕ್ರೀಡಾಪಟುಗಳ ಆಹಾರ ನೋಡಿಕೊಳ್ಳುವ ಡಯಟೀಷಿಯನ್. ಬರುವ ತಂದೆತಾಯಿಗಳು, ಡಚ್ಚರಿರಲಿ ನಮ್ಮವರಿರಲಿ, ಕೂತ ತಕ್ಷಣ ಕೇಳುತ್ತಿದ್ದುದು ಒಂದೇ: ಪ್ರೋಟೀನ್ ಎಷ್ಟು ಬೇಕು? ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಹುಬ್ಬಳ್ಳಿಯ ಬಸವರಾಜ್ ಮತ್ತು ಶೋಭಾ ತಮ್ಮ ಮಗಳು ಅನ್ವಿತಾಳನ್ನು ಕರೆತಂದದ್ದೂ ಅದಕ್ಕೇ. ಆತ ಇಲ್ಲಿ ಎಂಜಿನಿಯರ್. ಹುಡುಗಿಗೆ ಹದಿನೈದು, ಎಂಟುನೂರು ಮೀಟರ್ ಓಟಗಾರ್ತಿ. ವಸಂತದಲ್ಲಿ ಪ್ರಾಂತ್ಯದ ತಂಡದ ಆಯ್ಕೆ ಇತ್ತು. ಅದನ್ನು ಬಿಟ್ಟು ಅವಳಿಗೆ ಬೇರೆ ಧ್ಯಾನವಿರಲಿಲ್ಲ. ಆದರೆ ವೇಗ ದಿನೇ ದಿನೇ ಇಳಿಯುತ್ತಿತ್ತು.

"ಯಾವ ಪೌಡರ್ ಛಲೋರಿ ಮೇಡಮ್? ಈಗ ಕೊಡೋದು ಸಾಲವಲ್ದು ಅನ್ನಸ್ತೈತಿ," ಎಂದರು ಬಸವರಾಜ್.

ಪೌಡರ್ ಹಾಗಿರಲಿ, ಊಟ ಹೇಳಿ ಎಂದೆ. ಬೆಳಗ್ಗೆ ಕ್ವಾರ್ಕ್, ಅಂದರೆ ಇಲ್ಲಿಯ ಗಟ್ಟಿ ಮೊಸರು, ಅದರಲ್ಲಿ ಪೌಡರ್. ಮಧ್ಯಾಹ್ನ ಪನೀರ್. ರಾತ್ರಿ ಬರೀ ಬೇಳೆ, ಮೊಳಕೆ ಕಾಳು. ರೊಟ್ಟಿ, ಅನ್ನ?

"ಬಿಟ್ಟು ವರ್ಷಾತ್ರಿ," ಎಂದರು ಶೋಭಾ. "ನಮ್ಮ ಊಟದಾಗ ಪ್ರೋಟೀನ್ ಎಲ್ಲೈತ್ರಿ? ಅಕಿ ಮುಂದ ನಾವರ ಹೆಂಗ ಉಣ್ಣೋದು ಅಂತ ನಾವಿಬ್ರೂ ಬಿಟ್ಟೇವಿ. ರೊಟ್ಟಿ ಹಂಚು ಶೆಡ್‌ನ್ಯಾಗ ಇಟ್ಟೇನಿ."

ಆ ದನಿಯಲ್ಲಿ ಹೆಮ್ಮೆ ಇತ್ತು. ನನಗೆ ಸಿಟ್ಟೂ ಬಂತು, ಮರುಕವೂ ಬಂತು. ಬಂದವರಿಗೆಲ್ಲ ಇನ್ನೊಂದು ರೊಟ್ಟಿ ಹಾಕದೆ ಬಿಡದ ಜನ, ಮಗಳ ಮೇಲಿನ ಪ್ರೀತಿಯಿಂದಲೇ ಇಡೀ ಮನೆಯನ್ನು ಅರೆಹೊಟ್ಟೆಯಲ್ಲಿ ಇಟ್ಟಿದ್ದರು.

ಪ್ರೋಟೀನ್ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಇಲ್ಲದ್ದು ಓಡುವ ಶಕ್ತಿ. ಒಲೆಗೆ ಸೌದೆ ಹಾಕದಿದ್ದರೆ ಮನೆಯ ಬಾಗಿಲು ಕಿತ್ತು ಉರಿಸಬೇಕಾಗುತ್ತದಲ್ಲ, ಹಾಗೆ ಆ ದೇಹ ತಿಂದ ಪ್ರೋಟೀನನ್ನೂ ತನ್ನ ಸ್ನಾಯುವನ್ನೂ ಸುಟ್ಟುಕೊಳ್ಳುತ್ತಿತ್ತು. ಮುಟ್ಟು ಸರಿಯಾಗಿ ಆಗುತ್ತಿದೆಯೇ ಎಂದು ಕೇಳಿದೆ.

"ನಿಂತು ಭಾಳ ದಿನಾತ್ರಿ. ಓಡೋ ಹುಡುಗ್ಯಾರಿಗೆ ಹಂಗ ಆಗ್ತೈತಂತ," ಎಂದರು ಶೋಭಾ.

"ಯಾರು ಹೇಳಿದ್ದು ನಿಮಗೆ? ಊಟ ಸಾಲದೆ ಮುಟ್ಟು ನಿಂತರೆ ಮೂಳೆ ಟೊಳ್ಳಾಗುತ್ತೆ. ಇವತ್ತೇ ಓಟ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ, ಹಂಚು ಒಳಗೆ ತನ್ನಿ," ಎಂದೆ.

ಹುಡುಗಿ ನನ್ನನ್ನೇ ನೋಡಿದಳು. "ಬಟ್ ಐ ಫೀಲ್ ಲೈಟ್, ಆಂಟಿ."

"ಸೆಲೆಕ್ಷನ್ ಒಂದು ಮುಗೀಲ್ರಿ ಮೇಡಮ್. ಆಮ್ಯಾಲ ನೀವು ಹೇಳ್ದಂಗ," ಎಂದರು ಬಸವರಾಜ್.

ಅವರ ಮನೆವೈದ್ಯರಿಗೂ ಬರೆದೆ. ಅವರೂ ಓಟ ಬೇಡವೆಂದರು. ನಾನು ತಂದೆತಾಯಿಯನ್ನು ಫೋನಿನಲ್ಲಿ ಬೇಡಿಕೊಂಡೆ, ಬೈದೆ. ಕೊನೆಗೆ ಅವರಿಬ್ಬರೂ ನನ್ನ ಫೋನು ಎತ್ತುವುದನ್ನೇ ಬಿಟ್ಟರು. ಮನೆಗೆ ಹೋಗಿ ಹುಡುಗಿಯ ಬೂಟು ಕಿತ್ತುಕೊಳ್ಳುವ ಅಧಿಕಾರ ಯಾವ ಡಯಟೀಷಿಯನ್‌ಗೂ ಇಲ್ಲ.

ಆಯ್ಕೆಯ ದಿನ ಕೊನೆಯ ತಿರುವಿನಲ್ಲಿ ಅನ್ವಿತಾ ಬಿದ್ದಳು. ಎಡವಿ ಬಿದ್ದದ್ದಲ್ಲ. ಸೊಂಟದ ಕೀಲಿನ ಬಳಿ ತೊಡೆಯ ಮೂಳೆ ತಾನಾಗಿ ಸೀಳಿತ್ತು. ಶಸ್ತ್ರಚಿಕಿತ್ಸೆ ಮಾಡಿ ಸ್ಕ್ರೂ ಹಾಕಿದರು. ಇನ್ನು ಸ್ಪರ್ಧೆಯ ಮಾತು ಬೇಡ ಎಂದರು ವೈದ್ಯರು.

ಆಸ್ಪತ್ರೆಗೆ ನೋಡಲು ಹೋದಾಗ ಶೋಭಾ ಡಬ್ಬಿ ಬಿಚ್ಚುತ್ತಿದ್ದರು. ಜೋಳದ ರೊಟ್ಟಿ, ಎಣಗಾಯಿ. ಹಂಚು ಶೆಡ್ಡಿನಿಂದ ಒಳಗೆ ಬಂದಿತ್ತು. ಹುಡುಗಿ ಒಂದು ಚೂರು ಮುರಿದು, ಮೂಸಿ, ಕೆಳಗಿಟ್ಟಳು.

"ಇದ್ರಾಗ ಪ್ರೋಟೀನ್ ಎಷ್ಟೈತಿ, ಅಮ್ಮಾ?"

"ಅದೆಲ್ಲ ಇನ್ನ ಯಾಕವ್ವಾ? ಇನ್ನೇನು ಓಡೋದಿಲ್ಲಲ್ಲ. ತಿನ್ನು."

"ಓಡೋದಿಲ್ಲಂದ್ರ ಯಾಕ ತಿನ್ಲಿ?"

ಬಸವರಾಜ್ ಎದ್ದು ಹೊರಗೆ ಹೋದರು.

ಪ್ರೋಟೀನ್ ಕಡಿಮೆಯಾದರೆ ಸರಿಮಾಡುವುದು ನನಗೆ ಗೊತ್ತು. ಉಣ್ಣಲಿಕ್ಕೂ ಒಂದು ಕಾರಣ ಬೇಕೆಂದು ಮಗುವಿಗೆ ಒಮ್ಮೆ ಕಲಿಸಿಬಿಟ್ಟರೆ, ಅದನ್ನು ಮರೆಸುವ ವಿದ್ಯೆ ನನ್ನ ಬಳಿ ಇಲ್ಲ. ಈ ಕೆಲಸ ನನಗೆ ತಿಳಿಸಿದ್ದು ಅದು. ಅನ್ವಿತಾ ಈಗಲೂ ನನ್ನ ಹತ್ತಿರ ಬರುತ್ತಾಳೆ. ಅವಳು ಅರ್ಧ ರೊಟ್ಟಿಯಾದರೂ ತಿಂದ ದಿನ ಶೋಭಾ ಮೆಸೇಜು ಕಳಿಸುತ್ತಾರೆ. ಮೆಸೇಜು ಬಾರದ ದಿನಗಳೇ ಹೆಚ್ಚು.